‘ಕುಡಿತ ಜಾಸ್ತಿಯಾಗಿದೆ’ ಅಂತ ಬಾಯಿಬಿಟ್ಟು ಹೇಳುವುದು ಹೇಗೆ?

‘ಅಕ್ಕ, ನಿನ್ನ ಹತ್ರ ಒಂದು ವಿಷಯ ಮಾತಾಡಬೇಕು.’ ಈ ಮೆಸೇಜನ್ನು ಮೂರು ರಾತ್ರಿ ಟೈಪ್ ಮಾಡಿದ್ದೆ. ಮೂರು ರಾತ್ರಿಯೂ ಅಳಿಸಿದ್ದೆ. ನಾಲ್ಕನೇ ದಿನ ಬೆಳಿಗ್ಗೆ ಪೇಸ್ಟು ಬ್ರಷ್ ಮೇಲೆ ಕೂರದೆ ಬೇಸಿನ್ನಿಗೆ ಬಿತ್ತು. ಕೈ ನಡುಗುತ್ತಿತ್ತು. ಆಗ ನನಗೆ 24 ವರ್ಷ. ಕೆಲಸಕ್ಕೆ ಹೋಗುತ್ತಿದ್ದೆ, ಯಾರ ಹತ್ತಿರವೂ ಸಾಲ ಮಾಡಿರಲಿಲ್ಲ, ಬೀದಿಯಲ್ಲಿ ಬಿದ್ದವನೂ ಅಲ್ಲ. ಹಾಗಾಗಿ ‘ಕುಡುಕ’ ಅನ್ನೋದು ಬೇರೆ ಯಾರದೋ ಹೆಸರು ಅಂದುಕೊಂಡಿದ್ದೆ.

ಈ ವಯಸ್ಸಿನಲ್ಲಿ ತೊಡಕೇ ಅದು. ಜೊತೆಯವರೆಲ್ಲ ಕುಡಿಯುತ್ತಿರುತ್ತಾರೆ. ಯಾರದು ಮೋಜು, ಯಾರದು ಚಟ ಅಂತ ಗೊತ್ತಾಗುವುದಿಲ್ಲ. ಮೈ ಕೂಡ ಗಟ್ಟಿ ಇರುತ್ತದೆ, ಬೆಳಗಾದರೆ ಎದ್ದು ಓಡುತ್ತದೆ. ಆದರೆ ಸಹಾಯ ಕೇಳುವುದಕ್ಕೆ ‘ನಾನು ಕುಡುಕ’ ಅಂತ ಒಪ್ಪಿಕೊಳ್ಳಲೇಬೇಕು ಅಂತೇನಿಲ್ಲ. ‘ಜಾಸ್ತಿಯಾಗ್ತಿದೆ, ನನ್ನ ಕೈಲಿ ನಿಲ್ಲಿಸೋಕೆ ಆಗ್ತಿಲ್ಲ.’ ಇಷ್ಟು ಸಾಕು.

ಮೊದಲು ಬರೆದಿಡಿ

ಕಳೆದ ಏಳು ದಿನದ್ದು ನೆನಪು ಮಾಡಿಕೊಂಡು ಬರೆಯಿರಿ. ಯಾವ ದಿನ, ಏನು, ಎಷ್ಟು. ‘ಸ್ವಲ್ಪ’ ಅಂತ ಬರೆಯಬೇಡಿ, ಮಿಲಿ ಲೆಕ್ಕದಲ್ಲಿ ಬರೆಯಿರಿ. ನಮ್ಮ ಕೈಯಲ್ಲೇ ಸುರಿದುಕೊಂಡ ಪೆಗ್ ಯಾವತ್ತೂ ಅಳತೆಗಿಂತ ದೊಡ್ಡದೇ ಇರುತ್ತದೆ, ಅಲ್ವಾ?

ಅಳತೆಗೆ 10 ಗ್ರಾಂ ಆಲ್ಕೋಹಾಲನ್ನು ಒಂದು ಡ್ರಿಂಕ್ ಅಂತ ಇಟ್ಟುಕೊಳ್ಳಿ. ವಿಸ್ಕಿ, ರಮ್ ಆದರೆ ಹೆಚ್ಚುಕಮ್ಮಿ 30 ಮಿಲಿ. ಶೇ 5ರ ಬಿಯರ್ ಆದರೆ 250 ಮಿಲಿ. ಅಂದರೆ 500 ಮಿಲಿಯ ಒಂದು ಕ್ಯಾನ್‌ನಲ್ಲೇ ಎರಡು ಡ್ರಿಂಕ್ ಇರುತ್ತದೆ. ಶೇ 8ರ ಸ್ಟ್ರಾಂಗ್ ಬಿಯರ್ ಆದರೆ ಅದೇ ಕ್ಯಾನ್‌ನಲ್ಲಿ ಮೂರು. ‘ನಾನು ಬರೀ ಬಿಯರ್ ಕುಡಿಯೋದು’ ಅನ್ನುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಬೇಕು.

ಆಮೇಲೆ ‘ಆಡಿಟ್’ ಅನ್ನುವ ಪ್ರಶ್ನೆಪಟ್ಟಿಗೆ ಉತ್ತರಿಸಿ. ವಿಶ್ವ ಆರೋಗ್ಯ ಸಂಸ್ಥೆ ತಯಾರಿಸಿದ್ದು. 10 ಪ್ರಶ್ನೆ, 40 ಅಂಕ. ಹಿಂದಿನ ರಾತ್ರಿ ಏನಾಯಿತು ಅಂತ ನೆನಪಿಲ್ಲದೇ ಹೋಗಿದೆಯಾ? ಶುರು ಮಾಡಿದ ಮೇಲೆ ನಿಲ್ಲಿಸೋಕೆ ಆಗದೇ ಇದ್ದದ್ದಿದೆಯಾ? ಕಮ್ಮಿ ಮಾಡು ಅಂತ ಯಾರಾದರೂ ಹೇಳಿದ್ದಾರಾ? ಪ್ರಶ್ನೆಗಳು ಈ ಥರ ಇವೆ. 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಕುಡಿತ ಅಪಾಯದ ಕಡೆ ಹೊರಟಿದೆ ಅಂತ ಅರ್ಥ. 20 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಡಾಕ್ಟರನ್ನು ನೋಡಲೇಬೇಕು. ನನಗೆ 22 ಬಂತು. ಎಲ್ಲೋ ತಪ್ಪಾಗಿದೆ ಅಂತ ಇನ್ನೊಂದು ಸಲ ಕೂಡಿಸಿದೆ. 23 ಬಂತು.

ಒಂದೇ ಸಲ ಬಿಡುವ ಮುಂಚೆ ಇದನ್ನು ಓದಿ

‘ನಾಳೆಯಿಂದ ಒಂದು ತೊಟ್ಟೂ ಮುಟ್ಟಲ್ಲ’ ಅಂತ ಶಪಥ ಮಾಡುವುದು ಸುಲಭ. ಎಲ್ಲರಿಗೂ ಅದು ಸುರಕ್ಷಿತವಲ್ಲ. ದಿನಾ ಜಾಸ್ತಿ ಕುಡಿಯುವವರ ಮಿದುಳು ಆಲ್ಕೋಹಾಲ್ ಇರುತ್ತದೆ ಅಂತಲೇ ಹೊಂದಿಕೊಂಡಿರುತ್ತದೆ. ಥಟ್ಟನೆ ನಿಲ್ಲಿಸಿದರೆ ಬ್ರೇಕ್ ಕಿತ್ತ ಗಾಡಿಯ ಹಾಗಾಗುತ್ತದೆ. ಕೊನೆಯ ಗ್ಲಾಸಿನ ನಂತರ 6ರಿಂದ 24 ಗಂಟೆಯೊಳಗೆ ಕೈ ನಡುಕ, ಬೆವರು, ವಾಂತಿ, ಎದೆ ಡವಡವ ಶುರುವಾಗುತ್ತದೆ. ಕೆಲವರಿಗೆ ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣಿಸುವುದು, ದಿಕ್ಕು ತಪ್ಪಿದ ಹಾಗೆ ಮಾತಾಡುವುದು ಆಗಬಹುದು. ಅದಕ್ಕೆ ಚಿಕಿತ್ಸೆ ಸಿಗದಿದ್ದರೆ ಜೀವಕ್ಕೇ ಅಪಾಯ.

ಹಾಗಾಗಿ ಬೆಳಿಗ್ಗೆ ಎದ್ದಾಗ ಕೈ ನಡುಗುತ್ತಿದ್ದರೆ, ನಡುಕ ನಿಲ್ಲಲಿ ಅಂತ ಒಂದು ಗುಟುಕು ಹಾಕುತ್ತಿದ್ದರೆ ಅಥವಾ ಹಿಂದೆ ಬಿಟ್ಟಾಗ ಫಿಟ್ಸ್ ಬಂದಿದ್ದರೆ ಒಬ್ಬರೇ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಬಿಡಲು ಹೋಗಬೇಡಿ. ಮೊದಲು ಡಾಕ್ಟರ್ ಹತ್ತಿರ ಹೋಗಿ. ಈ ದಿನಗಳನ್ನು ದಾಟಿಸಲು ಔಷಧಿ ಇದೆ. ಜೊತೆಗೆ ವಿಟಮಿನ್ ಬಿ1 ಕೊಡುತ್ತಾರೆ, ಏಕೆಂದರೆ ಜಾಸ್ತಿ ಕುಡಿಯುವವರ ಮೈಯಲ್ಲಿ ಅದು ಕಮ್ಮಿಯಾಗಿ ಮಿದುಳಿಗೇ ಪೆಟ್ಟು ಬೀಳಬಹುದು. ಮನೆಯಲ್ಲಿದ್ದ ನಿದ್ದೆ ಮಾತ್ರೆಯನ್ನು ಸುಮ್ನೆ ನುಂಗಬೇಡಿ. ಕುಡಿತದ ಜೊತೆ ಅದು ಸೇರಿದರೆ ಉಸಿರೇ ನಿಧಾನವಾಗಬಹುದು.

ಸಾಯಬೇಕು ಅಂತ ಅನ್ನಿಸುತ್ತಿದ್ದರೆ ಈ ಲೇಖನವನ್ನು ಇಲ್ಲೇ ಬಿಡಿ. ಈಗಲೇ ಯಾರನ್ನಾದರೂ ಕರೆಯಿರಿ. ತುರ್ತು ಸಹಾಯವಾಣಿ, ಹತ್ತಿರದ ಆಸ್ಪತ್ರೆ, ಪಕ್ಕದ ರೂಮಿನವರು, ಯಾರಾದರೂ ಸರಿ.

ಯಾರಿಗೆ ಹೇಳುವುದು?

ಒಬ್ಬರಿಗೆ ಹೇಳಿ, ಸದ್ಯಕ್ಕೆ ಒಬ್ಬರಿಗೇ. ತುಂಬ ಹತ್ತಿರದವರೇ ಆಗಬೇಕು ಅಂತಿಲ್ಲ. ಕೇಳಿದ ತಕ್ಷಣ ಕೂಗಾಡದವರು, ಊರಿಗೆಲ್ಲ ಹಂಚದವರು, ಮುಖ್ಯವಾಗಿ ನಿಮ್ಮ ಜೊತೆ ಕೂತು ಕುಡಿಯದವರು ಆದರೆ ಸಾಕು. ಕುಡಿಯುವ ಗೆಳೆಯರಲ್ಲಿ ಒಳ್ಳೆಯವರಿಲ್ಲ ಅಂತಲ್ಲ. ಆದರೆ ‘ನಂಗೆ ಜಾಸ್ತಿಯಾಗಿದೆ’ ಅಂದರೆ ಅವರಿಗೆ ತಮ್ಮ ಲೆಕ್ಕವೂ ನೆನಪಾಗುತ್ತದೆ. ‘ಏ, ನಿಂದೇನೂ ಇಲ್ಲ ಬಿಡೋ’ ಅಂತ ನಿಮ್ಮನ್ನು ಸಮಾಧಾನ ಮಾಡಿಬಿಡುತ್ತಾರೆ.

ಅಪರಿಚಿತರಾದರೂ ಆಗುತ್ತದೆ. 1935ರ ಮೇ ತಿಂಗಳಲ್ಲಿ ಬಿಲ್ ವಿಲ್ಸನ್ ಅನ್ನುವ ವ್ಯಾಪಾರಿ ಅಮೆರಿಕದ ಆಕ್ರನ್ ಪಟ್ಟಣದ ಹೋಟೆಲೊಂದರಲ್ಲಿ ಒಬ್ಬನೇ ಉಳಿದಿದ್ದ. ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ಕೆಲಸ ಕೈಕೊಟ್ಟಿತ್ತು. ಬಾರ್ ಅಲ್ಲೇ ಇತ್ತು, ಒಳಗಿನ ಗಲಾಟೆ ಕಿವಿಗೆ ಬೀಳುತ್ತಿತ್ತು. ಅವನು ಫೋನ್ ಕಡೆ ಹೋದ. ತನ್ನ ಹಾಗೇ ಕುಡಿತದಲ್ಲಿ ಸಿಕ್ಕಿಕೊಂಡ ಯಾರಾದರೂ ಮಾತಿಗೆ ಸಿಗುತ್ತಾರಾ ಅಂತ ಪಾದ್ರಿಗಳಿಗೆ ಕರೆ ಮಾಡಿ ಹುಡುಕಿದ. ಕೊನೆಗೆ ಸಿಕ್ಕವರು ಬಾಬ್ ಸ್ಮಿತ್ ಅನ್ನುವ ಸರ್ಜನ್. 15 ನಿಮಿಷ ಮಾತ್ರ ಅಂತ ಬಂದ ಡಾಕ್ಟರು ಗಂಟೆಗಟ್ಟಲೆ ಕೂತರು. ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ ಆಲ್ಕೋಹಾಲಿಕ್ಸ್ ಅನಾನಿಮಸ್, ಅಂದರೆ ‘ಎಎ’, ಹುಟ್ಟಿದ್ದು ಆ ಫೋನಿನಿಂದ.

ಏನಂತ ಹೇಳುವುದು?

ನನ್ನ ಪ್ರಕಾರ ಕಷ್ಟವೆಲ್ಲ ಇಲ್ಲಿದೆ. ನಾವು ದೊಡ್ಡ ಭಾಷಣ ತಯಾರು ಮಾಡಿಕೊಳ್ಳುತ್ತೇವೆ. ಬಾಲ್ಯದಿಂದ ಶುರು ಮಾಡುತ್ತೇವೆ. ಆಫೀಸು, ಬ್ರೇಕಪ್ಪು, ಒಂಟಿತನ ಎಲ್ಲ ಬರುತ್ತದೆ. ಕುಡಿತದ ಮಾತು ಮಾತ್ರ ಕೊನೆವರೆಗೂ ಬರುವುದೇ ಇಲ್ಲ.

ಮೂರು ವಾಕ್ಯ ಸಾಕು. ಎಷ್ಟು ಕುಡಿಯುತ್ತಿದ್ದೇನೆ, ಏನಾಗುತ್ತಿದೆ, ನಿನ್ನಿಂದ ಏನು ಬೇಕು. ನಾನು ಅಕ್ಕನಿಗೆ ಕಳಿಸಿದ್ದು ಹೀಗಿತ್ತು: ‘ಅಕ್ಕ, ಈ ವಾರ ಆರು ದಿನ ಕುಡಿದಿದೀನಿ. ಬೆಳಿಗ್ಗೆ ಕೈ ನಡುಗುತ್ತೆ. ಡಾಕ್ಟರ್ ಹತ್ರ ಹೋಗಬೇಕು, ಜೊತೆಗೆ ಬರ್ತೀಯಾ?’

ಮೂರನೆಯದನ್ನು ಬಿಡಬೇಡಿ. ಏನು ಬೇಕು ಅಂತ ಹೇಳದಿದ್ದರೆ ಎದುರಿನವರು ತಮಗೆ ತೋಚಿದ್ದು ಮಾಡುತ್ತಾರೆ. ಬೈಯುತ್ತಾರೆ, ಅಳುತ್ತಾರೆ, ಆಣೆ ಹಾಕಿಸಿಕೊಳ್ಳುತ್ತಾರೆ. ಸಣ್ಣದೇ ಕೇಳಿ: ಒಂದು ಸಂಜೆ ಜೊತೆಗಿರು, ಅಪಾಯಿಂಟ್‌ಮೆಂಟ್ ತಗೊಂಡು ಕೊಡು, ಅಪ್ಪನಿಗೆ ಈಗಲೇ ಹೇಳಬೇಡ.

ಕುಡಿದಾಗ ಹೇಳಬೇಡಿ. ‘ಇಳಿದ ಮೇಲೆ ಮಾತಾಡೋಣ’ ಅಂತಾರೆ, ಇಳಿದ ಮೇಲೆ ಇಬ್ಬರೂ ಮಾತೆತ್ತುವುದಿಲ್ಲ. ಎದುರಿಗೆ ಹೇಳಲು ನಾಲಗೆ ಏಳದಿದ್ದರೆ ಮೆಸೇಜ್ ಮಾಡಿ. ಅದೇನೂ ಹೇಡಿತನ ಅಲ್ಲ.

ಡಾಕ್ಟರ್ ಮುಂದೆ

ಮನೋವೈದ್ಯರ ಹತ್ತಿರವೇ ಹೋಗಬೇಕು ಅಂತಿಲ್ಲ, ಸಾಮಾನ್ಯ ಡಾಕ್ಟರಿಂದಲೂ ಶುರು ಮಾಡಬಹುದು. ‘ಕುಡೀತೀರಾ?’ ಅಂತ ಕೇಳಿದಾಗ ‘ಯಾವಾಗಾದ್ರೂ ಒಮ್ಮೆ’ ಅನ್ನೋದು ನಮ್ಮ ಬಾಯಿಗೆ ತಾನಾಗೇ ಬರುತ್ತದೆ. ಅದಕ್ಕೇ ಬರೆದ ಚೀಟಿ ಬೇಕಾಗಿದ್ದು. ಮಾತಾಡಬೇಡಿ, ಕೊಟ್ಟುಬಿಡಿ. ಬೇರೆ ಮಾತ್ರೆ, ಗಾಂಜಾ ಏನಾದರೂ ಇದ್ದರೆ ಅದನ್ನೂ ಬರೆದಿರಿ. ‘ನಾನು ಹೇಳಿದ್ದು ಯಾರಿಗೆ ತಿಳಿಯುತ್ತದೆ?’ ಅಂತ ಮೊದಲೇ ಕೇಳಿ. ನಾಚಿಕೆ ಬೇಡ, ದಿನಾ ಕೇಳುವ ಪ್ರಶ್ನೆ ಅದು.

ನಾನು ಹೋದ ಮೊದಲ ಡಾಕ್ಟರು ಚೀಟಿ ನೋಡಿ ನಕ್ಕು ‘ಈ ವಯಸ್ಸಲ್ಲಿ ಎಲ್ಲಾ ಇದ್ದಿದ್ದೇ’ ಅಂದರು. ಅಕ್ಕ ಬರದೇ ಇದ್ದಿದ್ದರೆ ಅಲ್ಲಿಂದ ಸೀದಾ ಬಾರಿಗೆ ಹೋಗುತ್ತಿದ್ದೆ. ನಿಮಗೂ ಹೀಗಾದರೆ ಇನ್ನೊಬ್ಬರನ್ನು ನೋಡಿ. ಎರಡನೆಯವರು 40 ನಿಮಿಷ ಕೂರಿಸಿಕೊಂಡು ಮಾತಾಡಿದರು, ಲಿವರ್‌ಗೆ ರಕ್ತ ಪರೀಕ್ಷೆ ಬರೆದರು.

ಚಿಕಿತ್ಸೆ ಅಂದರೆ ಎಲ್ಲರನ್ನೂ ಆಸ್ಪತ್ರೆಗೆ ಸೇರಿಸಿಬಿಡುವುದಿಲ್ಲ. ಎಷ್ಟೋ ಜನ ಮನೆಯಿಂದಲೇ ಬಂದು ಹೋಗುತ್ತಾರೆ. ಕೌನ್ಸೆಲಿಂಗ್ ಇರುತ್ತದೆ. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳಿವೆ. ಡೈಸಲ್ಫಿರಾಮ್ ಬೇರೆ ರೀತಿಯದು. ಅದನ್ನು ತಗೊಂಡು ಕುಡಿದರೆ ಮುಖ ಕೆಂಪಾಗುತ್ತದೆ, ವಾಂತಿ ಬರುತ್ತದೆ, ಬಿಪಿ ಕುಸಿಯಬಹುದು. ಅದಕ್ಕೇ ಮನೆಯವರಿಗೆ ಒಂದು ಮಾತು: ಅದನ್ನು ಗೊತ್ತಿಲ್ಲದ ಹಾಗೆ ಊಟದಲ್ಲಿ ಬೆರೆಸಬೇಡಿ. ಪ್ರಾಣಕ್ಕೇ ಬರಬಹುದು.

ಎಎ ಸಭೆಗೆ ಹೋದರೆ ಶುಲ್ಕವಿಲ್ಲ, ಕುಡಿತ ಬಿಡಬೇಕು ಅನ್ನುವ ಆಸೆ ಇದ್ದರೆ ಸಾಕು. ಮೊದಲ ದಿನ ಹಿಂದಿನ ಕುರ್ಚಿಯಲ್ಲಿ ಸುಮ್ಮನೆ ಕೂತು ಬರಬಹುದು. ದೇವರ ಮಾತು ಬರುತ್ತದೆ, ಎಲ್ಲರಿಗೂ ಹಿಡಿಸುವುದಿಲ್ಲ. ನನಗೆ ಹಿಡಿಸಲಿಲ್ಲ. ಕೌನ್ಸೆಲರ್ ಹತ್ತಿರ ಹೋದೆ.

ಮತ್ತೆ ಕುಡಿದರೆ?

ಕುಡಿಯುವ ಸಾಧ್ಯತೆ ಇದೆ. ಆಗ ಎರಡು ವಿಷಯ ನೆನಪಿಡಿ. ಕೆಲವು ವಾರ ಬಿಟ್ಟಮೇಲೆ ಮೈಯ ತಾಳಿಕೆ ಕಮ್ಮಿಯಾಗಿರುತ್ತದೆ, ಹಳೇ ಅಳತೆಯಲ್ಲೇ ಕುಡಿದರೆ ಜೋರಾಗಿ ಹೊಡೆಯುತ್ತದೆ. ಎರಡನೆಯದು, ಬಚ್ಚಿಡಬೇಡಿ. ಮೊದಲು ಯಾರಿಗೆ ಹೇಳಿದ್ದಿರೋ ಅವರಿಗೆ ಅವತ್ತೋ ಮರುದಿನವೋ ಹೇಳಿ. ಡಾಕ್ಟರಿಗೂ ತಿಳಿಸಿ, ಮಾತ್ರೆ ಬದಲಿಸಬೇಕಾಗಬಹುದು.

ನಾನು 41ನೇ ದಿನ ಕುಡಿದೆ. ಬೆಳಿಗ್ಗೆ ಅಕ್ಕನಿಗೆ ಫೋನ್ ಮಾಡಿದೆ. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ ‘ಎಷ್ಟು?’ ಅಂತ ಕೇಳಿದಳು. ಹೇಳಿದೆ.

‘ಚೀಟೀಲಿ ಬರ್ಕೋ’ ಅಂದಳು. ‘ಸಾಯಂಕಾಲ ಬರ್ತೀನಿ.’