ಅಂಗಡಿಯವ್ರು 'ನಾಳೆ ಬನ್ನಿ' ಅಂತ ಅಲೆಸಿದ್ರೆ ಏನ್ ಮಾಡೋದು

ನಮ್ ತುಮಕೂರಲ್ಲಿ ಹೊಸ ಮಿಕ್ಸಿ ಕೆಟ್ಟೋಯ್ತು ಅಂದ್ರೆ ಜನ ಎರಡೇ ತರ ಆಡೋದು, ಒಂದು ಎಂ.ಜಿ. ರೋಡಿಗೆಲ್ಲಾ ಕೇಳೋ ಹಂಗೆ ಕೂಗಾಡ್ತಾರೆ, ಇಲ್ಲಾ 'ಹೋಗ್ಲಿ ಬಿಡು, ಯಾರ್ ಅಲೀತಾರೆ' ಅಂತ ಮೂಲೆಗಿಟ್ಟು ಸುಮ್ನಾಗ್ತಾರೆ. ಕೌಂಟರ್ ಹುಡ್ಗನ ಮೇಲೆ ರೇಗಿ ಏನ್ ಬಂತು, ಅವ್ನ ಕೈಲಿ ಏನಿದೆ ಪಾಪ.

ಮೊದ್ಲು ಬಿಲ್ ಫೋಟೋ ತೆಕ್ಕೊಳ್ಳಿ, ಆ ನುಣುಪು ಪೇಪರ್ ಮೇಲಿನ ಅಕ್ಷರ ಬೇಗ ಮಾಸಿಹೋಗುತ್ತೆ. ಆಮೇಲೆ ಬಾಯಲ್ಲಿ ಹೇಳೋದ್ ಬಿಟ್ಟು ವಾಟ್ಸಾಪಲ್ಲೋ ಇಮೇಲಲ್ಲೋ ಬರೆದು ಹಾಕಿ, ಯಾವತ್ತು ತಗೊಂಡಿದ್ದು, ಏನ್ ಕೆಟ್ಟಿದೆ, ರಿಪೇರಿ ಬೇಕಾ ದುಡ್ಡು ವಾಪಸ್ ಬೇಕಾ ಅಂತ. 'ನೋಡ್ತೀವಿ ಸಾರ್' ಅಂದ್ರೆ ಡೇಟ್ ಕೇಳಿ, ಕಂಪ್ಲೇಂಟ್ ನಂಬರ್ ಇಲ್ದೆ ಫೋನ್ ಇಡ್ಲೇಬೇಡಿ.

ಅದಕ್ಕೂ ಜಗ್ಗಲಿಲ್ವಾ, 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡ್ಬಹುದು. ಅವರು ದೂರನ್ನ ಕಂಪನಿಗೆ ದಾಟಿಸ್ತಾರೆ ಅಷ್ಟೇ, ಆರ್ಡರ್ ಮಾಡೋಕಾಗಲ್ಲ. ಅದಕ್ಕೆ ಜಿಲ್ಲಾ ಗ್ರಾಹಕ ಆಯೋಗನೇ ಬೇಕು, ತುಮಕೂರಲ್ಲೇ ಇದೆ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ತೊಂದ್ರೆ ಆದ 2 ವರ್ಷದೊಳಗೆ ದೂರು ಹಾಕ್ಬೇಕು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ರೆ ಫೀಸಿಲ್ಲ, ಲಾಯರ್ ಇಲ್ದೇನೂ ನೀವೇ ವಾದ ಮಾಡ್ಬಹುದು, ಕಂಪನಿ ಬೆಂಗ್ಳೂರಲ್ಲಿದ್ರೂ ಡೆಲ್ಲೀಲಿದ್ರೂ ನೀವಿರೋ ಜಿಲ್ಲೇಲೇ ಕೇಸ್ ಹಾಕ್ಬಹುದು.