ಸ್ಕ್ಯಾನ್ ವರದಿಯಲ್ಲಿ ‘ಮೂಗಿನ ಮೂಳೆ ವಕ್ರ’ ಎಂದಿದ್ದರೆ ಏನು ಮಾಡಬೇಕು?

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವವರಿಗೆ, ಚಿಕ್ಕಬಳ್ಳಾಪುರದ ಸುತ್ತಿನ ಕಲ್ಲು ಕ್ರಷರ್‌ಗಳಲ್ಲಿ ದುಡಿಯುವವರಿಗೆ ಮೂಗು ಕಟ್ಟುವುದು ಹೊಸದೇನಲ್ಲ. ತಿಂಗಳಾದರೂ ಬಿಡದಿದ್ದಾಗ ಸಿಟಿ ಸ್ಕ್ಯಾನ್ ಆಗುತ್ತದೆ. ವರದಿಯಲ್ಲಿ ಡಿಎನ್‌ಎಸ್, ಕೊಂಕಾ ಬುಲ್ಲೋಸಾ, ಹ್ಯಾಲರ್ ಸೆಲ್ ಎಂಬ ಹೆಸರುಗಳನ್ನು ಕಂಡು, ಆಪರೇಷನ್ ಬಿಟ್ಟರೆ ಗತಿಯಿಲ್ಲ ಎಂದು ಮನೆಮಂದಿ ಹೆದರುತ್ತಾರೆ. ಹಾಗೆ ತೀರ್ಮಾನಿಸುವ ಮೊದಲು ಇವಿಷ್ಟನ್ನು ನೋಡಿ.

ವಾರಗಳನ್ನು ಎಣಿಸಿ

ಮೂಗು ಕಟ್ಟುವುದು ಅಥವಾ ಸಿಂಬಳ ಗಂಟಲಿಗೆ ಇಳಿಯುವುದು, ಜೊತೆಗೆ ಮುಖ ಭಾರವೋ ವಾಸನೆ ತಿಳಿಯದಿರುವುದೋ 12 ವಾರ ಮೀರಿದ್ದರೆ ಮಾತ್ರ ದೀರ್ಘಕಾಲದ ಸೈನಸ್ ಉರಿಯೂತದ ಮಾತು ಬರುತ್ತದೆ. ಮೂಗಿನಲ್ಲಿ ಏನೂ ಇಲ್ಲದೆ ತಲೆನೋವೊಂದೇ ಕಾಡುತ್ತಿದ್ದರೆ ಅದು ಮೈಗ್ರೇನ್ ಇರಬಹುದು.

ವರದಿಯ ಪದಗಳನ್ನು ಅರ್ಥ ಮಾಡಿಕೊಳ್ಳಿ

ಮುಖದ ಮೂಳೆಗಳೊಳಗೆ ನಾಲ್ಕು ಜೋಡಿ ಗಾಳಿಗೂಡುಗಳಿವೆ, ಅವೇ ಸೈನಸ್‌ಗಳು. ಕೆನ್ನೆಯ ಸೈನಸ್‌ನ ರಚನೆ ವಿಚಿತ್ರ. ಕೆರೆಗೆ ತಳದಲ್ಲಿ ತೂಬಿರುತ್ತದೆ, ಇದಕ್ಕೋ ಇರುವುದು ಮೇಲಿನ ಕೋಡಿ ಮಾತ್ರ. ಒಳಪೊರೆಯ ಸೂಕ್ಷ್ಮ ರೋಮಗಳು ಲೋಳೆಯನ್ನು ಮೇಲಕ್ಕೆ ತಳ್ಳಿ ಹೊರಹಾಕಬೇಕು. ಕೆನ್ನೆ, ಹಣೆ ಮತ್ತು ಕಣ್ಣುಗಳ ನಡುವಿನ ಮುಂಭಾಗದ ಗೂಡುಗಳಿಂದ ಬರುವ ಲೋಳೆ ಒಂದೇ ಇಕ್ಕಟ್ಟಾದ ಜಾಗದಲ್ಲಿ ಮೂಗಿಗೆ ಸೇರುತ್ತದೆ. ಪೊರೆ ಕೆಲವೇ ಮಿಲಿಮೀಟರ್ ಊದಿದರೂ ಆ ದಾರಿ ಮುಚ್ಚುತ್ತದೆ.

ಡಿಎನ್‌ಎಸ್ ಎಂದರೆ ಮೂಗಿನ ನಡುಗೋಡೆ ಒಂದು ಕಡೆಗೆ ವಾಲಿರುವುದು. ಮೂಗಿನೊಳಗಿನ ನಡುಮಡಿಕೆಯಲ್ಲಿ ಗಾಳಿ ತುಂಬಿ ಉಬ್ಬಿದ್ದರೆ ಕೊಂಕಾ ಬುಲ್ಲೋಸಾ. ಕಣ್ಣಿನ ಗೂಡಿನ ಕೆಳಗೆ, ಕೆನ್ನೆಯ ಸೈನಸ್ಸಿನ ದಾರಿಯ ಪಕ್ಕದಲ್ಲೇ ಇರುವ ಹೆಚ್ಚುವರಿ ಗೂಡು ಹ್ಯಾಲರ್ ಸೆಲ್. ಇವು ದಾರಿಯನ್ನು ಇನ್ನಷ್ಟು ಕಿರಿದು ಮಾಡಬಲ್ಲವು ನಿಜ. ಆದರೆ ಬೇರೆ ಕಾರಣಕ್ಕೆ ತಲೆಯ ಸ್ಕ್ಯಾನ್ ಮಾಡಿಸಿಕೊಂಡ, ಸೈನಸ್ ತೊಂದರೆಯೇ ಇಲ್ಲದ ಎಷ್ಟೋ ಜನರಲ್ಲೂ ಇವೇ ಕಾಣುತ್ತವೆ. ಆದ್ದರಿಂದ ವಕ್ರತೆ ಇದೆ ಎಂದಮಾತ್ರಕ್ಕೆ ಕಾಯಿಲೆಗೆ ಅದೇ ಕಾರಣ ಎನ್ನಲಾಗದು. ಎಷ್ಟು ದೊಡ್ಡದು, ಎಲ್ಲಿದೆ ಎನ್ನುವುದು ಮುಖ್ಯ.

ಬದಿ ಹೋಲಿಸಿ, ಸಮಯ ನೋಡಿ

ಅಡ್ಡಿಯಿರುವ ಬದಿಯಲ್ಲೇ ಸೈನಸ್ ತುಂಬಿದೆಯೇ ಎಂದು ವೈದ್ಯರನ್ನು ಕೇಳಿ. ಎರಡೂ ಬದಿಯ ಎಲ್ಲ ಸೈನಸ್‌ಗಳೂ ಊದಿದ್ದರೆ ಒಂದು ವಾಲಿದ ಗೋಡೆ ಅದಕ್ಕೆ ಉತ್ತರವಾಗದು. ಅಲರ್ಜಿ, ಆಸ್ತಮಾ, ಪಾಲಿಪ್ (ಮೂಗಿನ ಪೊರೆಯಲ್ಲಿ ಬೆಳೆಯುವ ಮೆತ್ತನೆಯ ಗಂಟು) ಇವೆಯೇ ಎಂದು ಹುಡುಕಬೇಕು. ಒಂದೇ ಕೆನ್ನೆಯ ಸೈನಸ್ ತುಂಬಿ ದುರ್ವಾಸನೆ ಬರುತ್ತಿದ್ದರೆ ಮೇಲಿನ ದವಡೆಹಲ್ಲಿನ ಬೇರು ಕೊಳೆತಿರಬಹುದು. ಹಲ್ಲಿನ ಡಾಕ್ಟರಿಗೆ ತೋರಿಸಲು ಬಹಳ ಜನ ಮರೆಯುತ್ತಾರೆ.

ನೆಗಡಿಯಲ್ಲಿದ್ದಾಗ ಸ್ಕ್ಯಾನ್ ಮಾಡಿಸಿದ್ದರೆ ಆ ವರದಿಯನ್ನು ಅಷ್ಟಾಗಿ ನಂಬಬೇಡಿ. 1994ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಸಾದಾ ನೆಗಡಿಯ 31 ಜನರ ಪೈಕಿ 27 ಮಂದಿಯ ಕೆನ್ನೆಯ ಸೈನಸ್‌ನಲ್ಲಿ ದೋಷ ಕಂಡಿತ್ತು. ಎರಡು-ಮೂರು ವಾರದ ಬಳಿಕ ಮತ್ತೆ ಸ್ಕ್ಯಾನ್ ಮಾಡಿದವರಲ್ಲಿ ಹೆಚ್ಚಿನವರಿಗೆ ಅದು ತಾನಾಗಿ ವಾಸಿಯಾಗಿತ್ತು ಇಲ್ಲವೇ ಬಹಳ ಕಡಿಮೆಯಾಗಿತ್ತು.

ಮೊದಲು ಪೊರೆಗೆ ಚಿಕಿತ್ಸೆ

ಕುದಿಸಿ ಆರಿಸಿದ 240 ಮಿ.ಲೀ. ನೀರಿಗೆ ಅರ್ಧ ಟೀ ಚಮಚ ಉಪ್ಪು, ಚಿಟಿಕೆ ಅಡುಗೆ ಸೋಡಾ ಹಾಕಿ ಮೂಗು ತೊಳೆಯಿರಿ. ಬೋರ್‌ವೆಲ್ ಅಥವಾ ಫಿಲ್ಟರ್ ನೀರನ್ನು ಕುದಿಸದೆ ಬಳಸಲೇಬೇಡಿ. ಅಪರೂಪಕ್ಕಾದರೂ ಮಿದುಳು ತಿನ್ನುವ ಅಮೀಬಾ ಮೂಗಿನಿಂದಲೇ ಒಳಹೋಗುತ್ತದೆ. ವೈದ್ಯರು ಸ್ಟೀರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ ಬಳಸಿ ಕಿವಿಯ ದಿಕ್ಕಿಗೆ ಹೊಡೆಯಿರಿ. ನಡುಗೋಡೆಗೆ ಹೊಡೆದರೆ ರಕ್ತ ಬರಬಹುದು. ನಾಲ್ಕು ದಿನಕ್ಕೆ ಗುಣ ಕಾಣಲಿಲ್ಲವೆಂದು ಬಿಡಬೇಡಿ, ವಾರಗಳೇ ಬೇಕಾಗುತ್ತವೆ. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತರುವ, ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಡ್ರಾಪ್ಸ್ ಮಾತ್ರ ಐದು ದಿನ ಮೀರಬಾರದು; ಆಮೇಲೆ ಅದೇ ಮೂಗು ಕಟ್ಟಿಸುತ್ತದೆ. ದೂಳಿನ ಕೆಲಸಕ್ಕೆ ಮಾಸ್ಕ್ ಇರಲಿ, ಬೀಡಿ ಬಿಡಿ.

ಆಪರೇಷನ್ ಯಾವಾಗ?

ಇಷ್ಟೆಲ್ಲ ಸರಿಯಾಗಿ ಮಾಡಿಯೂ ದಾರಿ ಮುಚ್ಚಿಯೇ ಇದ್ದರೆ ದುರ್ಬೀನು ಶಸ್ತ್ರಚಿಕಿತ್ಸೆ ನಿಜಕ್ಕೂ ನೆರವಾಗುತ್ತದೆ. ಆಗ ಈ ರಚನಾ ವ್ಯತ್ಯಾಸಗಳು ಸರ್ಜನ್ನರಿಗೆ ತೀರಾ ಮುಖ್ಯ. ಉದಾಹರಣೆಗೆ, ಓನೋಡಿ ಸೆಲ್ (ಕಣ್ಣುಗಳ ನಡುವಿನ ಗೂಡುಗಳಲ್ಲಿ ತೀರಾ ಹಿಂದಕ್ಕೆ ಚಾಚಿರುವ ಗೂಡು) ಇದ್ದರೆ ಕಣ್ಣಿನ ನರ ಕೈಗೆಟಕುವಷ್ಟು ಹತ್ತಿರವಿರುತ್ತದೆ. ವರದಿಯ ಕಾಗದವೊಂದನ್ನೇ ಒಯ್ಯದೆ ಫಿಲ್ಮು, ಸಿಡಿಯನ್ನೂ ತಪ್ಪದೆ ಒಯ್ಯಿರಿ. ಆಪರೇಷನ್ ಆದಮೇಲೂ ಮೂಗು ತೊಳೆಯುವುದು ಮುಂದುವರಿಯಬೇಕು.

ಕಣ್ಣಿನ ಸುತ್ತ ಊತ, ಎರಡೆರಡು ಕಾಣುವುದು, ಜ್ವರದೊಂದಿಗೆ ಕತ್ತು ಬಿಗಿಯುವುದು ಇವುಗಳಲ್ಲಿ ಒಂದಿದ್ದರೂ ಬೆಳಗಾಗಲಿ ಎಂದು ಕಾಯದೆ, ಅದೇ ಹೊತ್ತಿನಲ್ಲಿ ದೊಡ್ಡಾಸ್ಪತ್ರೆಗೆ ಹೋಗಿ.