ಸಿಎ ಕೋರ್ಸಿನ ವ್ಯಾಲಿಡಿಟಿ ಮುಗಿದಾಗ ತಕರಾರು ಹೂಡುವ ಕ್ರಮ

‘ನಿಮ್ಮ ವ್ಯಾಲಿಡಿಟಿ ಮುಗಿದಿದೆ’ ಎಂಬ ಸಂದೇಶ ಪರದೆಯ ಮೇಲೆ ಬಂದಾಗ ಮೊದಲು ಮಾಡಬೇಕಾದ ಕೆಲಸವೆಂದರೆ ಯಾವ ವ್ಯಾಲಿಡಿಟಿ ಮುಗಿದಿದೆ ಎಂದು ಗುರುತಿಸಿಕೊಳ್ಳುವುದು. ಸಿಎ, ಅಂದರೆ ಚಾರ್ಟರ್ಡ್ ಅಕೌಂಟೆಂಟ್ ಕೋರ್ಸ್, ಓದುವ ವಿದ್ಯಾರ್ಥಿಗೆ ಎರಡು ಬೇರೆ ಬೇರೆ ಗಡುವುಗಳಿರುತ್ತವೆ. ಒಂದು, ಭಾರತೀಯ ಲೆಕ್ಕಪರಿಶೋಧಕರ ಸಂಸ್ಥೆ, ಅಂದರೆ ಐಸಿಎಐ, ನೀಡುವ ವಿದ್ಯಾರ್ಥಿ ನೋಂದಣಿಯ ಅವಧಿ. ಇನ್ನೊಂದು, ಖಾಸಗಿ ಕೋಚಿಂಗ್ ಸಂಸ್ಥೆಯಿಂದ ಹಣ ಕೊಟ್ಟು ಪಡೆದ ವಿಡಿಯೊ ಪಾಠಗಳ ಅವಧಿ. ಮೊದಲನೆಯದು ಮುಗಿದರೆ ಪರೀಕ್ಷೆಗೆ ಕೂರುವ ಅರ್ಹತೆಯೇ ಇರುವುದಿಲ್ಲ. ಎರಡನೆಯದು ಮುಗಿದರೆ ಹಣ ಮತ್ತು ಓದಿನ ಸಮಯ ನಷ್ಟವಾಗುತ್ತದೆ. ಇವೆರಡಕ್ಕೂ ದೂರು ಕೊಡುವ ಬಾಗಿಲು ಬೇರೆ, ಅನ್ವಯವಾಗುವ ಕಾನೂನು ಬೇರೆ. ಒಂದರ ದೂರನ್ನು ಇನ್ನೊಂದರ ಬಾಗಿಲಿಗೆ ಒಯ್ದು ತಿಂಗಳುಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ, ಆದ್ದರಿಂದಲೇ ಈ ಮಾತನ್ನು ಮೊದಲಿಗೆ ಹೇಳುತ್ತಿದ್ದೇನೆ.

ಸಂಸ್ಥೆಯ ನೋಂದಣಿ ಮುಗಿದಿದ್ದರೆ

2023ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಪಠ್ಯಯೋಜನೆಯಲ್ಲಿ ನಡುವಿನ ಹಂತವಾದ ಇಂಟರ್‌ಮೀಡಿಯೆಟ್ ನೋಂದಣಿಗೆ 5 ವರ್ಷ, ಕೊನೆಯ ಹಂತವಾದ ಫೈನಲ್ ನೋಂದಣಿಗೆ 10 ವರ್ಷ ಅವಧಿ ಇದೆ. ಇಂಟರ್‌ಮೀಡಿಯೆಟ್ ನೋಂದಣಿಯನ್ನು ಒಂದು ಬಾರಿ ಮಾತ್ರ ರೀವ್ಯಾಲಿಡೇಷನ್, ಅಂದರೆ ಶುಲ್ಕ ಕಟ್ಟಿ ನವೀಕರಣ, ಮಾಡಿಸಿಕೊಳ್ಳಬಹುದು. ಹಳೆಯ ಯೋಜನೆಯಲ್ಲಿ ಸೇರಿ ಹೊಸದಕ್ಕೆ ಬದಲಾದವರಲ್ಲಿ ತಮ್ಮ ಅವಧಿಯನ್ನು ಯಾವ ದಿನದಿಂದ ಲೆಕ್ಕ ಹಾಕಬೇಕೆಂಬ ಗೊಂದಲ ಹೆಚ್ಚು. ಗೆಳೆಯರು ಹೇಳಿದ ಲೆಕ್ಕವನ್ನು ನಂಬಬೇಡಿ. ಸಂಸ್ಥೆಯ ಸೆಲ್ಫ್ ಸರ್ವಿಸ್ ಪೋರ್ಟಲ್‌ಗೆ ಲಾಗಿನ್ ಆಗಿ, ನಿಮ್ಮ ನೋಂದಣಿಯ ಆರಂಭ ಮತ್ತು ಅಂತ್ಯದ ದಿನಾಂಕಗಳಿರುವ ಪುಟವನ್ನು ಅದೇ ದಿನ ಪಿಡಿಎಫ್ ಆಗಿ ಉಳಿಸಿಕೊಳ್ಳಿ.

ಅಲ್ಲಿ ತೋರಿಸುವ ದಿನಾಂಕ ತಪ್ಪು ಎಂದು ನಿಮಗೆ ಖಚಿತವಿದ್ದರೂ, ರೀವ್ಯಾಲಿಡೇಷನ್‌ಗೆ ಅವಕಾಶವಿದ್ದರೆ ಮೊದಲು ಶುಲ್ಕ ಕಟ್ಟಿ ನೋಂದಣಿಯನ್ನು ಜೀವಂತವಾಗಿಟ್ಟುಕೊಳ್ಳಿ, ಆಮೇಲೆ ತಕರಾರು ಹೂಡಿ. ಕಟ್ಟುವಾಗಲೇ ‘ನನ್ನ ಆಕ್ಷೇಪಣೆಗೆ ಒಳಪಟ್ಟು ಈ ಶುಲ್ಕವನ್ನು ಪಾವತಿಸುತ್ತಿದ್ದೇನೆ’ ಎಂದು ಇಮೇಲ್ ಕಳುಹಿಸಿದರೆ ಹಕ್ಕು ಬಿಟ್ಟುಕೊಟ್ಟಂತೆ ಆಗುವುದಿಲ್ಲ. ಒಂದು ಪರೀಕ್ಷಾ ಅವಧಿ ತಪ್ಪಿದರೆ ಆಗುವ ನಷ್ಟದ ಮುಂದೆ ಆ ಶುಲ್ಕ ಬಹಳ ಸಣ್ಣದು.

ದೂರನ್ನು ಸಂಸ್ಥೆಯದೇ ಆದ ‘ಇ-ಸಹಾಯತಾ’ ವ್ಯವಸ್ಥೆಯಲ್ಲಿ ದಾಖಲಿಸಿ ಟಿಕೆಟ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಅಸ್ಪಷ್ಟವಾಗಿದ್ದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ, ನಿಮ್ಮ ನೋಂದಣಿ ಕಡತದ ದೃಢೀಕೃತ ಪ್ರತಿಯನ್ನೂ ಅವಧಿಯನ್ನು ಲೆಕ್ಕ ಹಾಕಿದ ನಿಯಮದ ಪ್ರತಿಯನ್ನೂ ಕೇಳಿ. ಅವರು 30 ದಿನಗಳಲ್ಲಿ ಉತ್ತರಿಸಬೇಕು. ಅರ್ಜಿಯಲ್ಲಿ ‘ಏಕೆ ಹೀಗೆ ಮಾಡಿದಿರಿ’ ಎಂಬ ಪ್ರಶ್ನೆ ಬೇಡ, ದಾಖಲೆಯನ್ನು ಕೇಳಿ. ಮಾಹಿತಿ ಹಕ್ಕಿನಲ್ಲಿ ದೊರೆಯುವುದು ಇರುವ ದಾಖಲೆಯೇ ಹೊರತು ವಿವರಣೆಯಲ್ಲ.

ಐಸಿಎಐ 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯಡಿ ರಚನೆಯಾದ ಶಾಸನಬದ್ಧ ಸಂಸ್ಥೆ. ಪರೀಕ್ಷೆ ನಡೆಸುವುದು ‘ಸೇವೆ’ಯಲ್ಲ, ಅಭ್ಯರ್ಥಿಯು ‘ಗ್ರಾಹಕ’ನಲ್ಲ ಎಂದು ಬಿಹಾರ ಶಾಲಾ ಪರೀಕ್ಷಾ ಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿಯೇ ಹೇಳಿದೆ. ಆದ್ದರಿಂದ ಇಂತಹ ತಕರಾರನ್ನು ಗ್ರಾಹಕ ಆಯೋಗಕ್ಕೆ ಒಯ್ದರೆ ಪ್ರವೇಶದ ಹಂತದಲ್ಲಿಯೇ ತಿರಸ್ಕೃತವಾಗುವ ಸಾಧ್ಯತೆ ಹೆಚ್ಚು. ಸಂಸ್ಥೆಯೊಳಗೆ ಪರಿಹಾರ ಸಿಗದಿದ್ದರೆ ಉಳಿಯುವುದು ಹೈಕೋರ್ಟಿನಲ್ಲಿ ರಿಟ್ ಅರ್ಜಿ, ಅಂದರೆ ಸಾರ್ವಜನಿಕ ಸಂಸ್ಥೆಯ ನಿರ್ಧಾರವನ್ನು ನೇರವಾಗಿ ಪ್ರಶ್ನಿಸುವ ಅರ್ಜಿ. ಕರ್ನಾಟಕದವರಿಗೆ ಬೆಂಗಳೂರಿನ ಪ್ರಧಾನ ಪೀಠದ ಜೊತೆಗೆ ಧಾರವಾಡ ಮತ್ತು ಕಲಬುರಗಿ ಪೀಠಗಳೂ ಇವೆ. ಇದಕ್ಕೆ ವಕೀಲರ ನೆರವು ಬೇಕು, ಮತ್ತು ಪರೀಕ್ಷಾ ಅರ್ಜಿಯ ಕೊನೆಯ ದಿನಕ್ಕೆ ಸಾಕಷ್ಟು ಮೊದಲೇ ಹೋಗಬೇಕು.

ಕೋಚಿಂಗ್ ಸಂಸ್ಥೆಯ ವ್ಯಾಲಿಡಿಟಿ ಮುಗಿದಿದ್ದರೆ

ಹೆಚ್ಚಿನ ಜಗಳಗಳು ಇಲ್ಲಿಯವು. ಸಿಎ ಪಾಠಗಳನ್ನು ಮಾರುವ ರೀತಿಯನ್ನು ಬಲ್ಲವರಿಗೆ ಇದು ಗೊತ್ತಿದೆ: ಪೆನ್‌ಡ್ರೈವ್ ಅಥವಾ ಡೌನ್‌ಲೋಡ್ ಲಿಂಕ್, ಒಂದು ಆ್ಯಕ್ಟಿವೇಷನ್ ಕೀ, ಒಂದೇ ಲ್ಯಾಪ್‌ಟಾಪ್‌ನಲ್ಲಿ ನಡೆಯುವ ಪ್ಲೇಯರ್, ಪ್ರತಿ ಪಾಠಕ್ಕೆ ಒಂದೂವರೆ ಅಥವಾ ಎರಡು ವ್ಯೂಸ್ (ನೋಡಬಹುದಾದ ಸಲ), ಮತ್ತು 6 ತಿಂಗಳು, 9 ತಿಂಗಳು ಅಥವಾ ‘ಎರಡು ಅಟೆಂಪ್ಟ್‌ವರೆಗೆ’ ಎಂಬ ಗಡುವು. ಇವುಗಳಲ್ಲಿ ಯಾವುದು ಮೊದಲು ತೀರಿದರೂ ಪಾಠ ನಿಂತುಹೋಗುತ್ತದೆ. ಅವಧಿಗೆ ಮಿತಿ ಇಡುವುದು ತಾನಾಗಿಯೇ ಅಕ್ರಮವಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕು. 6 ತಿಂಗಳೆಂದು ಸ್ಪಷ್ಟವಾಗಿ ತಿಳಿಸಿ, 6 ತಿಂಗಳು ಸರಿಯಾಗಿ ಪಾಠ ಕೊಟ್ಟ ಸಂಸ್ಥೆಯ ಮೇಲೆ, ‘ನನಗೆ ಓದಲಾಗಲಿಲ್ಲ’ ಎಂಬ ಕಾರಣಕ್ಕೆ ದೂರು ನಿಲ್ಲುವುದಿಲ್ಲ. ನಿಲ್ಲುವ ತಕರಾರುಗಳು ಬೇರೆಯೇ ಇವೆ, ಮತ್ತು ಬಹುತೇಕ ಎಲ್ಲವೂ ಒಂದೇ ಪ್ರಶ್ನೆಯ ಸುತ್ತ ತಿರುಗುತ್ತವೆ: ಗಡಿಯಾರ ಯಾವ ದಿನ ಓಡಲು ಆರಂಭಿಸಿತು, ಮತ್ತು ಆ ವಿಷಯವನ್ನು ಹಣ ಕಟ್ಟುವ ಮೊದಲು ನಿಮಗೆ ತಿಳಿಸಲಾಗಿತ್ತೇ?

ನನ್ನ ತಂಗಿಯ ಮಗಳು ದಾವಣಗೆರೆಯಲ್ಲಿ ಓದುತ್ತಿದ್ದಾಗ ಇಂಟರ್‌ಮೀಡಿಯೆಟ್‌ನ ಒಂದು ಗ್ರೂಪಿನ ಪಾಠಗಳಿಗೆ 14,500 ರೂಪಾಯಿ ಕಟ್ಟಿದ್ದಳು. ಹಣ ಕಟ್ಟಿದ್ದು ಜೂನ್ 3ರಂದು, ಆ್ಯಕ್ಟಿವೇಷನ್ ಕೀ ಬಂದದ್ದು ಜುಲೈ 21ರಂದು. ಡಿಸೆಂಬರ್ 3ರ ಬೆಳಿಗ್ಗೆ ಆಡಿಟಿಂಗ್ ಪಾಠ ತೆರೆದರೆ ಪ್ಲೇಯರ್‌ನಲ್ಲಿ ಅವಧಿ ಮುಗಿದಿದೆ ಎಂಬ ಕೆಂಪು ಪಟ್ಟಿ ಕಾಣಿಸಿತು. ಪರೀಕ್ಷೆಗೆ ಉಳಿದಿದ್ದದ್ದು ಐದಾರು ವಾರ. ಫೋನ್ ಮಾಡಿದರೆ ಇನ್ನೂ 3,000 ರೂಪಾಯಿ ಕಟ್ಟಿ ಎಕ್ಸ್‌ಟೆನ್ಷನ್ ತೆಗೆದುಕೊಳ್ಳಿ ಎಂದರು. ಬಿಲ್ಲಿನಲ್ಲಿ ‘ವ್ಯಾಲಿಡಿಟಿ 6 ತಿಂಗಳು’ ಎಂದಷ್ಟೇ ಇತ್ತು. ಖರೀದಿಯ ದಿನದಿಂದಲೋ ಆ್ಯಕ್ಟಿವೇಷನ್ ದಿನದಿಂದಲೋ ಎಂದು ಎಲ್ಲಿಯೂ ಬರೆದಿರಲಿಲ್ಲ. ಅವಳು ಕೀ ಬಂದ ಎಸ್‌ಎಂಎಸ್ಸನ್ನು ಅಳಿಸಿರಲಿಲ್ಲ, ಅದೊಂದೇ ಅವಳನ್ನು ಉಳಿಸಿತು. ಕೀ ಕೊಡುವ ಮೊದಲಿನ 48 ದಿನಗಳನ್ನು ಬಳಕೆಯ ಅವಧಿ ಎಂದು ಎಣಿಸಲಾಗದು ಎಂದು ಬರೆದ ಇಮೇಲಿಗೆ ಮೊದಲು ‘ಇದು ನಮ್ಮ ಪಾಲಿಸಿ’ ಎಂಬ ಉತ್ತರ ಬಂತು. ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಾದ ಮೇಲೆ ಅದೇ 48 ದಿನಗಳನ್ನು ಶುಲ್ಕವಿಲ್ಲದೆ ಸೇರಿಸಿಕೊಟ್ಟರು.

ಇನ್ನೊಂದು ಬಗೆಯ ತಕರಾರು ‘ಅಟೆಂಪ್ಟ್’, ಅಂದರೆ ಪರೀಕ್ಷೆಯ ಒಂದು ಸರದಿ, ಎಂಬ ಪದದಿಂದ ಹುಟ್ಟುತ್ತದೆ. ಇಂಟರ್‌ಮೀಡಿಯೆಟ್ ಪರೀಕ್ಷೆ ವರ್ಷಕ್ಕೆ 2 ಬಾರಿ ನಡೆಯುತ್ತಿದ್ದಾಗ ಎರಡು ಅಟೆಂಪ್ಟ್ ಎಂದರೆ ಸುಮಾರು ಒಂದು ವರ್ಷ. ಮೊದಲ ಹಂತವಾದ ಫೌಂಡೇಷನ್ ಮತ್ತು ಇಂಟರ್‌ಮೀಡಿಯೆಟ್ ಪರೀಕ್ಷೆಗಳನ್ನು ವರ್ಷಕ್ಕೆ 3 ಬಾರಿ ನಡೆಸಲು ಐಸಿಎಐ 2024ರಲ್ಲಿ ನಿರ್ಧರಿಸಿದಾಗ ಅದೇ ಮಾತಿನ ಅರ್ಥ ಸುಮಾರು 8 ತಿಂಗಳಿಗೆ ಇಳಿಯಿತು. ನೀವು ಹಣ ಕಟ್ಟಿದ ದಿನ ಜಾಹೀರಾತಿನಲ್ಲಿ ತಿಂಗಳು ನಮೂದಾಗಿತ್ತೇ, ಪರೀಕ್ಷೆಯ ಹೆಸರು ನಮೂದಾಗಿತ್ತೇ, ಅಥವಾ ಬರೀ ಅಟೆಂಪ್ಟ್ ಎಂದಿತ್ತೇ ಎಂಬುದು ಇಲ್ಲಿ ನಿರ್ಣಾಯಕ. ಪಠ್ಯ ಬದಲಾದ ಮೇಲೂ ಹಳೆಯ ಪಾಠಗಳನ್ನೇ ಕೊಟ್ಟು ಅವಧಿ ಮುಗಿಯಿತೆನ್ನುವುದು, ಸರ್ವರ್ ಕೆಟ್ಟು ಪಾಠ ತೆರೆಯದಿದ್ದ ದಿನಗಳನ್ನೂ ಎಣಿಸುವುದು, ಬಫರಿಂಗ್‌ನಿಂದ ನಿಂತ ವಿಡಿಯೊವನ್ನು ಪೂರ್ಣ ವ್ಯೂ ಎಂದು ಕಳೆಯುವುದು, ಇವೂ ಸೇವಾ ನ್ಯೂನತೆಯ ವಾದಕ್ಕೆ ಬಲ ಕೊಡುತ್ತವೆ.

ಸಾಕ್ಷ್ಯ ಮತ್ತು ಪತ್ರ

ಸಂಸ್ಥೆಗೆ ಕೋಪದ ಸಂದೇಶ ಕಳುಹಿಸುವ ಮೊದಲು ದಾಖಲೆಗಳನ್ನು ಕೂಡಿಸಿ, ಏಕೆಂದರೆ ಖಾತೆ ಬಂದ್ ಆದರೆ ಒಳಗಿರುವುದು ಸಿಗುವುದಿಲ್ಲ. ಬಿಲ್ಲು, ಪಾವತಿಯ ಯುಪಿಐ ಅಥವಾ ಕಾರ್ಡ್ ವಿವರ, ಕೀ ಬಂದ ಸಂದೇಶ, ಅವಧಿ ಮುಗಿದ ಪರದೆಯ ಚಿತ್ರ, ಮಾರಾಟದವರೊಂದಿಗಿನ ವಾಟ್ಸ್‌ಆ್ಯಪ್ ಮಾತುಕತೆ, ಕೋರ್ಸಿನ ಪುಟ ಮತ್ತು ಷರತ್ತುಗಳ ಪುಟ, ಇವಿಷ್ಟೂ ಬೇಕು. ವಾಟ್ಸ್‌ಆ್ಯಪ್ ಮಾತುಕತೆಯನ್ನು ಬರೀ ಸ್ಕ್ರೀನ್‌ಶಾಟ್ ತೆಗೆಯದೆ ಪೂರ್ತಿಯಾಗಿ ಎಕ್ಸ್‌ಪೋರ್ಟ್ ಮಾಡಿ, ಮೂಲ ಫೋನನ್ನು ಜೋಪಾನವಾಗಿಡಿ. ಮುಂದೆ ಆಯೋಗಕ್ಕೆ ಹೋದಾಗ ಇಂತಹ ವಿದ್ಯುನ್ಮಾನ ದಾಖಲೆಗಳ ಜೊತೆ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಸೆಕ್ಷನ್ 63ರ ಪ್ರಮಾಣಪತ್ರವನ್ನು, ಅಂದರೆ ಆ ದಾಖಲೆ ಯಾವ ಸಾಧನದಿಂದ ಹೇಗೆ ಬಂತೆಂದು ದೃಢೀಕರಿಸುವ ಪತ್ರವನ್ನು, ಲಗತ್ತಿಸುವುದು ಒಳ್ಳೆಯದು.

ಪತ್ರ ಒಂದು ಪುಟ ಮೀರಬಾರದು. ಅದರ ತಿರುಳು ಹೀಗಿರಲಿ: ‘ಜೂನ್ 3ರಂದು 14,500 ರೂಪಾಯಿ ಪಾವತಿಸಿದ್ದೇನೆ. ಪಾಠ ತೆರೆಯಲು ಬೇಕಾದ ಕೀಯನ್ನು ತಾವು ಜುಲೈ 21ರಂದು ಕಳುಹಿಸಿದ್ದೀರಿ. ಆದ್ದರಿಂದ 6 ತಿಂಗಳ ಅವಧಿ ಆ ದಿನದಿಂದ ಆರಂಭವಾಗುತ್ತದೆ. ಕಡಿತವಾದ 48 ದಿನಗಳನ್ನು ಹೆಚ್ಚುವರಿ ಶುಲ್ಕವಿಲ್ಲದೆ 7 ದಿನಗಳೊಳಗೆ ಮರಳಿ ಒದಗಿಸಬೇಕು. ಆಗದಿದ್ದಲ್ಲಿ ಬಳಸಲಾಗದ ಅವಧಿಗೆ ಅನುಪಾತದ ಹಣವನ್ನು ಮರುಪಾವತಿಸಬೇಕು.’ ಸಂಸ್ಥೆ ಹೊರರಾಜ್ಯದ್ದಾದರೆ ಇದನ್ನೇ ಇಂಗ್ಲಿಷಿನಲ್ಲಿ ಬರೆಯುವುದು ಅನುಕೂಲ. ದಿನಾಂಕ, ಮೊತ್ತ ಮತ್ತು ಬೇಡಿಕೆ ಈ ಮೂರೂ ಇರಲಿ. ಬೈಗುಳ, ಸಾಮಾಜಿಕ ಜಾಲತಾಣದಲ್ಲಿ ಹಾಕುತ್ತೇನೆಂಬ ಬೆದರಿಕೆ ಬೇಡ. ಫೋನಿನಲ್ಲಿ ಏನಾದರೂ ಒಪ್ಪಿಕೊಂಡರೆ ಅದೇ ದಿನ ‘ತಾವು ಈಗ ಹೇಳಿದಂತೆ’ ಎಂದು ಇಮೇಲ್ ಬರೆದು ದಾಖಲು ಮಾಡಿ.

ಕೋರ್ಸಿಗೆ ಕಂತಿನ ಸಾಲ ತೆಗೆದುಕೊಂಡಿದ್ದವರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಪಾಠ ನಿಂತಿತೆಂದು ಇಎಂಐ ನಿಲ್ಲಿಸಬೇಡಿ. ಸಾಲ ಕೊಟ್ಟದ್ದು ಬೇರೊಂದು ಹಣಕಾಸು ಕಂಪನಿ. ಕಂತು ತಪ್ಪಿದರೆ ನಿಮ್ಮ ಕ್ರೆಡಿಟ್ ಸ್ಕೋರ್ ಕುಸಿಯುತ್ತದೆ. ಆ ಕಂಪನಿಗೂ ಲಿಖಿತ ದೂರು ಕೊಟ್ಟು, 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ. ಕಾರ್ಡಿನಲ್ಲಿ ಕಟ್ಟಿದ್ದರೆ, ಬ್ಯಾಂಕಿನ ಮೂಲಕ ಹಣ ವಾಪಸ್ ಪಡೆಯುವ ಚಾರ್ಜ್‌ಬ್ಯಾಕ್ ಸಾಧ್ಯವೇ ಎಂದು ತಡಮಾಡದೆ ಬ್ಯಾಂಕಿನಲ್ಲಿ ವಿಚಾರಿಸಿ.

ಸಹಾಯವಾಣಿಯಿಂದ ಆಯೋಗದವರೆಗೆ

ಪತ್ರಕ್ಕೆ ಸರಿಯಾದ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೂ ಮಾತನಾಡಬಹುದು. ಸಹಾಯವಾಣಿಗೆ ಆದೇಶ ಮಾಡುವ ಅಧಿಕಾರವಿಲ್ಲ, ಅದು ದೂರನ್ನು ಸಂಸ್ಥೆಗೆ ತಲುಪಿಸಿ ಉತ್ತರ ಪಡೆಯುತ್ತದೆ ಅಷ್ಟೆ. ಆದರೂ ಸಣ್ಣ ಮೊತ್ತದ ಜಗಳಗಳು ಅನೇಕ ಸಲ ಇಲ್ಲಿಯೇ ಬಗೆಹರಿಯುತ್ತವೆ, ಹಾಗಾಗಿ ಈ ಹೆಜ್ಜೆಯನ್ನು ಬಿಡಬಾರದು.

ಅಲ್ಲಿಯೂ ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಶಿಕ್ಷಣ ಸಂಸ್ಥೆಗಳು ಗ್ರಾಹಕ ಕಾನೂನಿಗೆ ಒಳಪಡುವುದಿಲ್ಲ ಎಂಬ ವಾದವನ್ನು ಎದುರು ಪಕ್ಷದವರು ಖಂಡಿತ ಎತ್ತುತ್ತಾರೆ. ಅದಕ್ಕೆ ಉತ್ತರ ಸಿದ್ಧವಿರಲಿ: ರಾಷ್ಟ್ರೀಯ ಗ್ರಾಹಕ ಆಯೋಗವು 2020ರ ಜನವರಿಯಲ್ಲಿ ಮನು ಸೋಲಂಕಿ ಪ್ರಕರಣದಲ್ಲಿ ಶಿಕ್ಷಣ ಸಂಸ್ಥೆಗಳಿಗೆ ಆ ರಕ್ಷಣೆ ಕೊಟ್ಟರೂ, ಕೋಚಿಂಗ್ ಸಂಸ್ಥೆಗಳನ್ನು ಅದರಿಂದ ಹೊರಗಿಟ್ಟಿದೆ. ‘ನಮ್ಮ ಷರತ್ತಿನಂತೆ ದೆಹಲಿಯ ನ್ಯಾಯಾಲಯಕ್ಕೆ ಮಾತ್ರ ಅಧಿಕಾರ’ ಎಂಬ ವಾದವೂ ಬರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಸೆಕ್ಷನ್ 34ರಂತೆ ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಗುರುಗ್ರಾಮದ ಕಂಪನಿಯ ಮೇಲೆ ದಾವಣಗೆರೆಯಲ್ಲಿ ಪ್ರಕರಣ ಹೂಡಲು ಅಡ್ಡಿಯಿಲ್ಲ.

ದೂರನ್ನು ಬರೆಯುವಾಗ ಒಂದು ಸೂಕ್ಷ್ಮವಿದೆ, ಇಲ್ಲಿ ಎಡವುವವರು ಬಹಳ. ಷರತ್ತುಗಳೇ ಅನ್ಯಾಯದ ಒಪ್ಪಂದವೆಂದು ರದ್ದುಪಡಿಸುವಂತೆ ಕೇಳಿದರೆ, ಆ ದೂರು ಸೆಕ್ಷನ್ 47ರಂತೆ ರಾಜ್ಯ ಆಯೋಗದ ವ್ಯಾಪ್ತಿಗೆ ಹೋಗುತ್ತದೆ. ಜಿಲ್ಲಾ ಆಯೋಗದಲ್ಲಿ ಸಣ್ಣ ಮೊತ್ತಕ್ಕೆ ದೂರು ಕೊಡುವವರು ‘ಸೇವಾ ನ್ಯೂನತೆ’ ಮತ್ತು ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ನೆಲೆಗಳಲ್ಲಿಯೇ ದೂರನ್ನು ಕಟ್ಟಬೇಕು. ನ್ಯೂನತೆಯ ಸೇವೆಗೆ ಪಡೆದ ಹಣವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಹಾಗೆ ಹೇಳದಿದ್ದರೆ 30 ದಿನಗಳಲ್ಲಿ, ಹಿಂತಿರುಗಿಸದಿರುವುದನ್ನೇ ಸೆಕ್ಷನ್ 2(47) ಅನುಚಿತ ವ್ಯಾಪಾರ ಪದ್ಧತಿ ಎಂದು ಪಟ್ಟಿ ಮಾಡಿದೆ.

ದೂರನ್ನು ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ಸಲ್ಲಿಸಬಹುದು. ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರನ್ನು ಇಟ್ಟುಕೊಳ್ಳುವ ಕಡ್ಡಾಯವೂ ಇಲ್ಲ. ಆದರೆ ಕಾಲಮಿತಿಯನ್ನು ಮರೆಯಬೇಡಿ: ವ್ಯಾಜ್ಯಕಾರಣ ಹುಟ್ಟಿದ ದಿನದಿಂದ 2 ವರ್ಷ. ನೀವು ಕಳುಹಿಸುತ್ತಾ ಹೋಗುವ ನೆನಪೋಲೆಗಳಿಂದ ಈ ಅವಧಿ ವಿಸ್ತರಣೆಯಾಗುವುದಿಲ್ಲ. ನೋಟಿಸ್ ತಲುಪಿದ 30 ದಿನಗಳಲ್ಲಿ, ಹೆಚ್ಚೆಂದರೆ ಇನ್ನೂ 15 ದಿನಗಳಲ್ಲಿ, ಎದುರು ಪಕ್ಷದವರು ಉತ್ತರ ಸಲ್ಲಿಸಬೇಕು. ಅದಕ್ಕಿಂತ ತಡವಾದರೆ ಸ್ವೀಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ಹೇಳಿದೆ. ಈ ದಿನಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಂಡು, ಮೀರಿದರೆ ಆಯೋಗದ ಗಮನಕ್ಕೆ ತನ್ನಿ. ಆಯೋಗವು ಮಧ್ಯಸ್ಥಿಕೆಗೆ ಕಳುಹಿಸಿದರೆ ಹೋಗಿ. ಪರೀಕ್ಷೆ ಹತ್ತಿರವಿರುವವರಿಗೆ ಮುಂದೆ ಬರುವ ಪರಿಹಾರಕ್ಕಿಂತ ಈಗಲೇ ತೆರೆಯುವ ಪಾಠ ಹೆಚ್ಚು ಉಪಯೋಗದ್ದು.

ಆದೇಶ ನಿಮ್ಮ ಪರವಾಗಿ ಬಂದರೆ ಎದುರು ಪಕ್ಷದವರು 45 ದಿನಗಳಲ್ಲಿ ರಾಜ್ಯ ಆಯೋಗಕ್ಕೆ ಮೇಲ್ಮನವಿ ಹೋಗಬಹುದು, ಆದರೆ ಆದೇಶವಾದ ಮೊತ್ತದ ಅರ್ಧವನ್ನು ಮೊದಲು ಠೇವಣಿ ಇಡಬೇಕು. ಮೇಲ್ಮನವಿಯೂ ಇಲ್ಲ, ಹಣವೂ ಬರಲಿಲ್ಲ ಎಂದಾದರೆ ಅದೇ ಜಿಲ್ಲಾ ಆಯೋಗದಲ್ಲಿ ಸೆಕ್ಷನ್ 71ರಡಿ ಜಾರಿ ಅರ್ಜಿ ಹಾಕಿ, ಜೊತೆಗೆ ಸೆಕ್ಷನ್ 72ನ್ನು ಉಲ್ಲೇಖಿಸಿ. ಆದೇಶ ಪಾಲಿಸದವರಿಗೆ 1 ತಿಂಗಳಿಂದ 3 ವರ್ಷದವರೆಗೆ ಜೈಲು, ಅಥವಾ 25,000 ರೂಪಾಯಿಯಿಂದ 1 ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು ಆ ಸೆಕ್ಷನ್ ಅಧಿಕಾರ ಕೊಡುತ್ತದೆ.